ಆಯುಧಪೂಜೆಯೂ ಆಯುಧಶಿಸ್ತೂ

(ಬಸವನಗುಡಿಯಲ್ಲಿ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬ ಮುಗಿದಿದೆ. ನಮ್ಮ ಕಡೆ ನವರಾತ್ರಿ ಸಮೀಪಿಸುತ್ತಿದೆ. ಈ ಸಮಯಕ್ಕೆ ಒಪ್ಪುವ ಒಂದು ವಿಷಯವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ನಾವು ದೇವಿಯ ಮಹಿಮೆಯನ್ನಾಗಲಿ ದಸರೆಯ ಇತಿಹಾಸವನ್ನಾಗಲಿ ಆರಿಸಿಕೊಳ್ಳದೆ, ಆ ದಿನ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕುಳಿತಿರುವ ಆಯುಧವನ್ನೇ ಆರಿಸಿಕೊಂಡೆವು. ಸೀಮೆಸುಣ್ಣ ಹಿಡಿಯುವ ಕೈಗಳಿಗೂ ಲೇಖನಿ ಹಿಡಿಯುವ ಕೈಗಳಿಗೂ ಕೋವಿಯ ಮಾತೇಕೆ ಎಂದು ತಾವು ಕೇಳಬಹುದು. ಕೋವಿಯನ್ನು ಹಿಡಿಯುವ ಕೈ ಮೊದಲು ತಮ್ಮ ಪಾಠಶಾಲೆಯಲ್ಲಿ ಬಳಪ ಹಿಡಿದ ಕೈಯೇ ಆಗಿರುತ್ತದೆ. ಆದುದರಿಂದ ಈ ಮಾತನ್ನು ಹೇಳುವುದಕ್ಕೆ ಇದಕ್ಕಿಂತ ತಕ್ಕ ಸಭೆ ಬೇರೊಂದಿಲ್ಲವೆಂದು ನಮ್ಮ ನಂಬಿಕೆ.

ಮೊದಲು ನಮ್ಮ ವೃತ್ತಿಯಲ್ಲಿ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ಕೆಲವು ವರ್ಷಗಳ ಕೆಳಗೆ ಮಲೆನಾಡಿನ ಒಬ್ಬ ಗೃಹಸ್ಥರ ಪರವಾಗಿ ನಾವು ವಕಾಲತ್ತು ವಹಿಸಿದ್ದೆವು. ಆ ಮನೆಯಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಒಂದು ಕೇಪಿನ ಕೋವಿ ಇದ್ದಿತು. ಆಯುಧಪೂಜೆಯ ಹಿಂದಿನ ರಾತ್ರಿ ಅವರ ತಮ್ಮಂದಿರು ಹಂದಿಗಳನ್ನು ಬೆದರಿಸುವುದಕ್ಕೆಂದು ಅದಕ್ಕೆ ಮದ್ದು ಚರೆ ತುಂಬಿ, ಕೇಪು ಕೂರಿಸಿ ಗದ್ದೆಗೆ ಹೋದರು. ಹಂದಿ ಬರಲಿಲ್ಲ. ಹಾಗೆಯೇ ಹಿಂದಿರುಗಿ ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸಿ ಮಲಗಿದರು. ಬೆಳಗ್ಗೆ ಅಣ್ಣಂದಿರು ಸ್ನಾನ ಮಾಡಿ, ಪೂಜೆಗಿಡುವ ಮುನ್ನ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಒರೆಸತೊಡಗಿದರು. ಎದುರಿಗೆ ತಮ್ಮನ ಮಗ, ಹದಿನಾರರ ಹುಡುಗ, ಹೂವಿನ ಹಾರ ಕಟ್ಟುತ್ತಿದ್ದನು. ಒರೆಸುವ ಬಟ್ಟೆ ಕೋವಿಯ ಕುದುರೆಗೆ ಸಿಕ್ಕಿತು. ಕುದುರೆ ಎದ್ದು ಕೇಪಿನ ಮೇಲೆ ಬಿದ್ದಿತು. ಮುಂದಿನದನ್ನು ಹೇಳಬೇಕಾದುದಿಲ್ಲ.

ನ್ಯಾಯಸ್ಥಾನದಲ್ಲಿ ಅಣ್ಣಂದಿರು, "ಖಾಲಿ ಎಂದು ತಿಳಿದಿದ್ದೆ" ಎಂದರು. ತಮ್ಮಂದಿರು, "ಅಣ್ಣ ನೋಡಿಕೊಳ್ಳುತ್ತಾರೆಂದು ತಿಳಿದಿದ್ದೆ" ಎಂದರು. ಮನೆಯ ಹಿರಿಯಾಕೆ, "ಪೂಜೆಗೆ ತೆಗೆದದ್ದರಲ್ಲಿ ಮದ್ದು ಇರುತ್ತದೆಂದು ಯಾರು ಎಣಿಸುತ್ತಾರೆ ಸ್ವಾಮಿ?" ಎಂದರು. ಮೂವರೂ ಸತ್ಯವನ್ನೇ ನುಡಿದರು. ಆಗ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ ೮೦ನೆಯ ಪ್ರಕರಣವನ್ನು ನಾವು ಆಶ್ರಯಿಸಿದೆವು. ಕಾನೂನಿಗೆ ಸಮ್ಮತವಾದ ಕೆಲಸವನ್ನು ಮಾಡುತ್ತಿರುವಾಗ ಕೆಟ್ಟ ಉದ್ದೇಶವಿಲ್ಲದೆ ಆಕಸ್ಮಿಕವಾಗಿ ನಡೆದುಹೋದದ್ದು ಅಪರಾಧವಲ್ಲವೆಂದು ಅದು ಹೇಳುತ್ತದೆ. ಆದರೆ ಆ ಕೆಲಸವನ್ನು ತಕ್ಕ ಎಚ್ಚರದಿಂದ ಮಾಡುತ್ತಿರಬೇಕೆಂಬ ಕಟ್ಟನ್ನೂ ಹಾಕುತ್ತದೆ. ಸರ್ಕಾರದ ವಕೀಲರು ಎದ್ದು ನಮ್ಮ ಕಕ್ಷಿಗಾರರನ್ನು ಒಂದೇ ಒಂದು ಪ್ರಶ್ನೆ ಕೇಳಿದರು: "ನಳಿಗೆಯೊಳಗೆ ಸಲಾಕಿ ಇಳಿಸಿ ನೋಡಿದಿರಾ?" ಅವರು ತಲೆ ತಗ್ಗಿಸಿದರು. ನಮ್ಮ ವಾದವೂ ಅಲ್ಲಿಗೇ ಮುಗಿಯಿತು. ವಿಧಿಸಿದ ಶಿಕ್ಷೆ ಹಗುರವಾದುದೇ. ಅದನ್ನು ಅನುಭವಿಸಿ ಅವರು ಮನೆಗೆ ಹೋದರು. ಆ ಮನೆಯಲ್ಲಿ ಆಮೇಲೆ ಆಯುಧಪೂಜೆ ನಡೆದಿಲ್ಲ.

ಮಹನೀಯರೇ, ಆ ಕುಟುಂಬದವರು ಕ್ರೂರಿಗಳಲ್ಲ, ಕುಡುಕರಲ್ಲ, ಕಾನೂನು ಮೀರಿದವರೂ ಅಲ್ಲ. ಅವರಲ್ಲಿ ಆಯುಧದ ಮೇಲೆ ಭಕ್ತಿಯಿದ್ದಿತು. ಆಯುಧದ ಶಿಸ್ತು ಇರಲಿಲ್ಲ. ಈ ಎರಡೂ ಬೇರೆ ಬೇರೆ ಎಂಬುದೇ ಈ ಹೊತ್ತು ನಾವು ಅರಿಕೆ ಮಾಡಬೇಕೆಂದಿರುವ ಮುಖ್ಯವಾದ ಮಾತು.

ಆಯುಧವು ನಮ್ಮ ದೇಶದಲ್ಲಿ ಬಹುಕಾಲ ಹಕ್ಕಿನ ಪ್ರಶ್ನೆಯಾಗಿದ್ದಿತು. ೧೮೭೮ರ ಆಯುಧಗಳ ಕಾಯಿದೆಯ ಕೆಳಗೆ ಐರೋಪ್ಯರಿಗೆ ರಿಯಾಯಿತಿ, ಈ ನೆಲದವರಿಗೆ ಪರವಾನಗಿಯ ಕಟ್ಟುಪಾಡು ಎಂಬ ಪಂಕ್ತಿಭೇದ ನಡೆದುದು ದೇಶಭಕ್ತರ ಮನಸ್ಸನ್ನು ನೋಯಿಸಿತು. ಆದುದರಿಂದಲೇ ೧೯೩೧ರ ಮಾರ್ಚಿಯಲ್ಲಿ ಕರಾಚಿಯಲ್ಲಿ ಸೇರಿದ ಕಾಂಗ್ರೆಸ್ ಮಹಾಸಭೆಯು ಪ್ರಜೆಗಳ ಮೂಲಭೂತ ಹಕ್ಕುಗಳನ್ನು ಸಾರಿದಾಗ, ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಅವುಗಳಲ್ಲಿ ಸೇರಿಸಿತು. ಆದರೆ ಅಂದಿನ ಹಿರಿಯರು ಆ ಹಕ್ಕನ್ನು ಬರಿದಾಗಿ ಬಿಡಲಿಲ್ಲ. ಅದಕ್ಕಾಗಿ ಏರ್ಪಡಿಸುವ ನಿಯಮಗಳಿಗೆ ಒಳಪಟ್ಟಿರತಕ್ಕದ್ದೆಂದು ಅದೇ ವಾಕ್ಯದಲ್ಲಿ ಸೇರಿಸಿದರು. ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನಸಭೆಯಲ್ಲಿ, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು ಈ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿಯನ್ನು ತಂದರು. ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಹೀಗಾಗಿ ಆಯುಧವು ಸ್ವತಂತ್ರ ಭಾರತದಲ್ಲಿ ಮೂಲಭೂತ ಹಕ್ಕಾಗಿ ನಿಲ್ಲದೆ, ೧೯೫೯ರ ಆಯುಧಗಳ ಕಾಯಿದೆಯ ಕೆಳಗೆ ಸರ್ಕಾರವು ಯೋಗ್ಯತೆ ನೋಡಿ ಒಪ್ಪಿಸುವ ಹೊಣೆಯಾಗಿ ನಿಂತಿದೆ.

ಕನ್ನಡ ನಾಡಿನಲ್ಲಿಯೇ ಇದಕ್ಕೆ ವಿಶೇಷವಾದ ಒಂದು ಉದಾಹರಣೆಯುಂಟು. ಬೆಂಗಳೂರಿನಲ್ಲಿ ಕುಳಿತು ಮೈಸೂರು ಕೊಡಗುಗಳೆರಡರ ಆಡಳಿತವನ್ನು ನೋಡುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್ನರು ೧೮೬೧ರಲ್ಲಿ ಕೊಡಗಿನವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಬಿಟ್ಟರು. ೧೯೫೬ರ ನವೆಂಬರ್ ೧ರಂದು ಕೊಡಗು ನಮ್ಮೊಡನೆ ಒಂದಾಯಿತು. ಆ ರಿಯಾಯಿತಿಯೂ ಉಳಿದುಬಂದಿತು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. ೨೦೨೧ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಉಚ್ಚನ್ಯಾಯಾಲಯವು ಅದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪು ಕೊಟ್ಟಿತು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಹಿಂದೊಂದು ಎರಡು ಗುಂಡು. ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂವನ್ನು ಮುಡಿಸಿ ಪೂಜಿಸುತ್ತಾರೆ. ಅನಂತರ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ. ಆದರೆ ಅವರಿಗಿರುವ ರಿಯಾಯಿತಿ ಪರವಾನಗಿಗೆ ಮಾತ್ರ. ಎಚ್ಚರಿಕೆಗೆ ಯಾವ ಸರ್ಕಾರವೂ ಯಾರಿಗೂ ರಿಯಾಯಿತಿ ಕೊಡಲಾರದು. ನಳಿಗೆಯಿಂದ ಹೊರಟ ಗುಂಡು ಪರವಾನಗಿಯುಳ್ಳವನು, ಇಲ್ಲದವನು ಎಂಬ ಭೇದವನ್ನು ಅರಿಯದು.

ಹಾಗಾದರೆ ಆ ಎಚ್ಚರಿಕೆಯೆಂದರೇನು? ಅದು ಕಠಿನವಾದ ವಿದ್ಯೆಯಲ್ಲ. ನಾಲ್ಕು ಸೂತ್ರಗಳಲ್ಲಿ ಅಡಗಿದೆ.

ಮೊದಲನೆಯದು: ತಾನೇ ತೆರೆದು, ತಾನೇ ನೋಡದ ಕೋವಿಯೆಲ್ಲವೂ ತುಂಬಿದ ಕೋವಿಯೇ. ಇತರರು ಖಾಲಿಯೆಂದರೂ, ನಿನ್ನೆ ತಾನೇ ಖಾಲಿ ಮಾಡಿದ್ದರೂ, ಕೈಗೆ ಬಂದೊಡನೆ ಮತ್ತೆ ನೋಡತಕ್ಕದ್ದು. ತೋಟಾ ಕೋವಿಯಾದರೆ ಮುರಿದು, ನಳಿಗೆಯ ಹಿಂಬದಿಯನ್ನು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಬೇಕು. ಮ್ಯಾಗಜೀನುಳ್ಳ ರೈಫಲ್ಲಾದರೆ ಮ್ಯಾಗಜೀನನ್ನು ಮೊದಲು ತೆಗೆದು, ಬಳಿಕ ಬೋಲ್ಟನ್ನು ಎಳೆದು ನೋಡಬೇಕು. ಮ್ಯಾಗಜೀನು ಹೊರಗೆ ಬಂದ ಮೇಲೂ ಒಂದು ತೋಟಾ ಒಳಗೆ ಉಳಿದಿರುವುದುಂಟು. ಅನೇಕರು ಮೋಸಹೋಗುವುದು ಇಲ್ಲಿಯೇ. ಕೇಪಿನ ಕೋವಿಯನ್ನು ಹಿಂಬದಿಯಿಂದ ತೆರೆದು ನೋಡುವಂತಿಲ್ಲ. ಅದಕ್ಕೆ ಉಪಾಯವಿಷ್ಟೇ: ನಳಿಗೆ ಖಂಡಿತವಾಗಿ ಬರಿದಾಗಿರುವಾಗ ಸಲಾಕಿಯನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಸರಿಯಾಗಿ ಅದರ ಮೇಲೊಂದು ಗೀರು ಹಾಕಿಟ್ಟುಕೊಳ್ಳಬೇಕು. ಮುಂದೆ ಯಾವಾಗಲಾದರೂ, ಮೊದಲು ಕೇಪನ್ನು ತೆಗೆದು, ಬಾಯಿಗೆ ಮುಖವೊಡ್ಡದೆ ಸಲಾಕಿಯನ್ನು ಇಳಿಸಿದಾಗ ಆ ಗೀರು ಬಾಯಿಯಿಂದ ಮೇಲೆ ನಿಂತರೆ, ಒಳಗೆ ಮದ್ದು ಇದೆ ಎಂದು ತಿಳಿಯತಕ್ಕದ್ದು. ಒಂದು ಗೀರು! ನಮ್ಮ ಕಕ್ಷಿಗಾರರ ಮನೆಯಲ್ಲಿ ಇಲ್ಲದೆ ಹೋದದ್ದು ಅಷ್ಟೇ.

ಎರಡನೆಯದು: ಯಾವುದನ್ನು ಹೊಡೆಯಲು ಮನಸ್ಸಿಲ್ಲವೋ ಅದರ ಕಡೆಗೆ ನಳಿಗೆಯನ್ನು ತಿರುಗಿಸಬಾರದು, ಒರೆಸುವಾಗಲೂ, ಕೈಯಿಂದ ಕೈಗೆ ಕೊಡುವಾಗಲೂ, ಬೇಲಿ ದಾಟುವಾಗಲೂ, ಹಾಸ್ಯಕ್ಕೂ. ಬೇಲಿ ದಾಟುವವನು ತೋಟಾವನ್ನು ಹೊರತೆಗೆದ ಮೇಲೆಯೇ ದಾಟಬೇಕು.

ಮೂರನೆಯದು: ಗುರಿ ನಿಶ್ಚಯವಾಗುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಸೇಫ್ಟಿ ಎಂಬ ಬೀಗವನ್ನು ನಂಬಿ ಬೆರಳನ್ನು ಒಳಗಿಡುವವರುಂಟು. ಅದು ಯಂತ್ರ, ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ಎಡವಿದವನ ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಆಗ ಟ್ರಿಗರಿನ ಮೇಲೆ ಬೆರಳಿದ್ದರೆ ಗುಂಡು ಹಾರುತ್ತದೆ.

ನಾಲ್ಕನೆಯದು: ಗುರಿಯನ್ನೂ ಗುರಿಯ ಹಿಂದಿರುವುದನ್ನೂ ಅರಿತ ಮೇಲೆಯೇ ಹೊಡೆಯಬೇಕು. ಈ ಸೂತ್ರಕ್ಕೆ ನಮ್ಮ ಪುರಾಣದಲ್ಲಿಯೇ ಭಾಷ್ಯವಿದೆ. ದಶರಥ ಮಹಾರಾಜನು ಶಬ್ದವೇಧಿಯಲ್ಲಿ ಪ್ರವೀಣನು. ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಎಣಿಸಿ ಬಾಣ ಬಿಟ್ಟನು. ಬಿದ್ದವನು ಕುರುಡ ತಂದೆತಾಯಿಗಳ ಏಕಮಾತ್ರ ಪುತ್ರನು. ಅವನ ಗುರಿ ತಪ್ಪಲಿಲ್ಲ. ಗುರಿ ಯಾವುದೆಂಬ ತಿಳಿವು ತಪ್ಪಿತು. ಪೊದೆ ಅಲುಗಿತೆಂದು ರಾತ್ರಿ ಕೋವಿ ಹಾರಿಸುವವನು ಆ ಕಥೆಯನ್ನು ಕೇಳಿಯೂ ಕೇಳದವನು. ಗುಂಡು ಹೋಗುವ ದೂರವನ್ನೂ ನೆನೆಯಬೇಕು. ಎನ್‌ಸಿಸಿಯ ಹುಡುಗರು ಅಭ್ಯಾಸ ಮಾಡುವ ೦.೨೨ ಅಂಗುಲದ ಸಣ್ಣ ರೈಫಲ್ಲಿನ ಗುಂಡು ಸಹ ಒಂದು ಮೈಲಿಗೂ ಹೆಚ್ಚು ದೂರ ಹಾರಬಲ್ಲದು. ಇಲ್ಲಿನ ದೊಡ್ಡ ಬಸವಣ್ಣನ ಗುಡಿಯಿಂದ ಲಾಲ್‌ಬಾಗಿನ ಪಶ್ಚಿಮದ ಬಾಗಿಲಿಗೆ ನೇರವಾಗಿ ಅಳೆದರೆ ಅಷ್ಟು ದೂರವಿಲ್ಲ. ಆದುದರಿಂದಲೇ ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆ ಅಭ್ಯಾಸ ಸಲ್ಲದು.

ಇವುಗಳ ಜೊತೆಗೆ ಮತ್ತೊಂದು ಮಾತು. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಕೂಡಲೇ ಕೋವಿಯನ್ನು ತೆರೆಯಬಾರದು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಕೇಪಿನ ಕೋವಿಯಾದರೆ ಇನ್ನೂ ಹೆಚ್ಚು ಹೊತ್ತು. ಸದ್ದು ಎಂದಿನಂತಿರದೆ ಕ್ಷೀಣವಾಗಿ ಕೇಳಿಸಿದರೆ, ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಂಡಿರಬಹುದು. ಮತ್ತೊಂದನ್ನು ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ೨೦೧೬ರ ರಿಯೋ ಒಲಿಂಪಿಕ್ಸಿನಲ್ಲಿ ಪಿಸ್ತೂಲು ಹಿಡಿದು ನಿಂತರು. ಅಂಥ ಪಂದ್ಯಗಳಲ್ಲಿ, ಹಾರಿಸದಿರುವ ವೇಳೆಯಲ್ಲಿ ಎದ್ದುಕಾಣುವ ಬಣ್ಣದ ಒಂದು ಎಳೆಯನ್ನು ಆಯುಧದೊಳಗೆ ತೂರಿಸಿಡಬೇಕೆಂಬ ನಿಯಮವಿದೆ. ಒಳಗೆ ತೋಟಾ ಇಲ್ಲವೆಂಬುದನ್ನು ನೋಡಿದವರೆಲ್ಲರೂ ಅದರಿಂದ ಅರಿಯುತ್ತಾರೆ. ಜಗತ್ತಿನ ಶ್ರೇಷ್ಠ ಗುರಿಕಾರರ ಬಾಯಿಮಾತನ್ನೂ ಆ ಕಣದಲ್ಲಿ ನಂಬುವುದಿಲ್ಲ. ಕಣ್ಣಿಗೆ ಕಾಣುವ ಎಳೆಯನ್ನೇ ನಂಬುತ್ತಾರೆ.

ಇನ್ನು ಬಿಲ್ಲು ಬಾಣಗಳ ವಿಷಯ. ಬೇಸಿಗೆಯ ಶಿಬಿರಗಳಲ್ಲಿ ನಮ್ಮ ಮಕ್ಕಳು ಈಗ ಬಿಲ್ವಿದ್ಯೆಯನ್ನು ಕಲಿಯುತ್ತಿರುವುದು ಸಂತೋಷದ ಸಂಗತಿ. ಸದ್ದಿಲ್ಲದ ಆಯುಧವೆಂದು ಅದನ್ನು ಆಟಿಕೆಯೆಂದೆಣಿಸಬಾರದು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವುದು ಹುಡುಗರ ಚಪಲ, ಅದು ಅಪಾಯ. ಎಳೆದಾಗ ಬಿಲ್ಲಿನ ತೋಳುಗಳಲ್ಲಿ ತುಂಬಿದ ಶಕ್ತಿಯು ಬಾಣವಿದ್ದರೆ ಬಾಣಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಬಿಲ್ಲಿಗೇ ತಿರುಗಿ ಅದನ್ನು ಸೀಳುತ್ತದೆ. ಬಾಣವನ್ನು ಹೂಡುವ ಮೊದಲು ಬಿರುಕಿದೆಯೇ ಎಂದು ಬಾಗಿಸಿ ನೋಡಬೇಕು. ಬಿರುಕಿದ ಬಾಣ ಹೆದೆಯ ಹೊಡೆತಕ್ಕೆ ಮುರಿದು ಬಿಲ್ಲು ಹಿಡಿದ ಕೈಯನ್ನೇ ಹೊಗುತ್ತದೆ. ಅಳತೆಗಿಂತ ಗಿಡ್ಡನೆಯ ಬಾಣವೂ ಹಾಗೆಯೇ. ಹೆದೆಯ ಎಳೆ ಬಿಚ್ಚಿಕೊಂಡಿದ್ದರೆ ಬದಲಾಯಿಸಬೇಕು. ಮುಂಗೈಗೆ ರಕ್ಷೆ ಕಟ್ಟಬೇಕು. ಆಕಾಶದ ಕಡೆಗೆ ಬಾಣ ಬಿಡಲೇಬಾರದು. ಮೇಲೇರಿದ್ದು ಎಲ್ಲಿ ಬೀಳುವುದೆಂದು ಬಿಟ್ಟವನೂ ಅರಿಯನು. ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲಬೇಕು. ಗೆರೆಯ ಮುಂದೆ ಒಬ್ಬನಿದ್ದರೂ ಯಾರೂ ಹೆದೆ ಎಳೆಯಬಾರದು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಎರಡು ಸೀಟಿಗೆ ಗೆರೆಗೆ ಬರುವುದು, ಒಂದು ಸೀಟಿಗೆ ಬಿಡತೊಡಗುವುದು, ಮೂರು ಸೀಟಿಗೆ ಬಾಣ ತರಲು ಹೋಗುವುದು, ಐದು ಅಥವಾ ಹೆಚ್ಚು ಸೀಟಿ ಕೇಳಿದರೆ ಕೂಡಲೇ ನಿಲ್ಲಿಸುವುದು ಎಂಬ ಪದ್ಧತಿಯಿದೆ. ಸೀಟಿಯೊಂದನ್ನು ಇಟ್ಟುಕೊಂಡಿರುವ ಯಾವ ವ್ಯಾಯಾಮದ ಉಪಾಧ್ಯಾಯರೂ ಇದನ್ನು ನಾಳೆಯೇ ಆರಂಭಿಸಬಹುದು. ಗುರಿಯಿಂದ ಬಾಣವನ್ನು ಕೀಳುವಾಗ ಹಿಂದೆ ಯಾರೂ ನಿಂತಿಲ್ಲವೆಂದು ನೋಡಿಕೊಳ್ಳಬೇಕು; ಬಾಣದ ಹಿಂತುದಿ ಎಷ್ಟೋ ಮಂದಿಯ ಕಣ್ಣಿಗೆ ತಗಲುವುದು ಆಗಲೇ.

ನಮ್ಮ ಪೇಟೆಗಳ ಮನೆಗಳಲ್ಲಿ ಕೋವಿಗಳೆಲ್ಲಿವೆ ಎಂದು ತಾವು ಕೇಳಬಹುದು. ತಾತನ ಪೆಟ್ಟಿಗೆಯಲ್ಲಿವೆ. ಹಳೆಯದು, ಕೆಟ್ಟುಹೋಗಿದೆ ಎಂಬ ಮಾತನ್ನು ನಂಬಬೇಡಿ. ೨೦೧೮ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಬಾವಿಯನ್ನು ತೋಡುತ್ತಿದ್ದಾಗ ಟಿಪ್ಪುವಿನ ಕಾಲದ ಒಂದು ಸಾವಿರಕ್ಕೂ ಹೆಚ್ಚು ಯುದ್ಧದ ರಾಕೆಟ್ಟುಗಳು ಸಿಕ್ಕಿದುವು. ಟಿಪ್ಪು ಮಡಿದುದು ೧೭೯೯ರಲ್ಲಿ; ಎರಡು ಶತಮಾನಗಳು ಕಳೆದರೂ ಆ ಬಾವಿಯ ಮಣ್ಣು ಮದ್ದಿನ ವಾಸನೆಯನ್ನು ಬೀರುತ್ತಿತ್ತು. ಹಳೆಯ ತೋಟಾ ಸಿಕ್ಕಿದರೆ ಸುತ್ತಿಗೆಯಿಂದ ಕುಟ್ಟುವುದು, ಬೆಂಕಿಗೆ ಹಾಕುವುದು, ಕಸದ ತೊಟ್ಟಿಗೆ ಎಸೆಯುವುದು, ಇವೊಂದೂ ಕೂಡದು. ಪೊಲೀಸ್ ಠಾಣೆಗೆ ತಿಳಿಸಬೇಕು. ಪರವಾನಗಿಯಿದ್ದ ಹಿರಿಯರು ಕಾಲವಾದ ಮೇಲೆ, ವಾರಸುದಾರರು ತಡಮಾಡದೆ ಕೋವಿಯನ್ನು ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಇಡಬೇಕೆಂದು ಕಾಯಿದೆಯ ೨೧ನೆಯ ಪ್ರಕರಣವು ವಿಧಿಸುತ್ತದೆ. "ನೆನಪಿಗಾಗಿ ಇಟ್ಟುಕೊಂಡೆವು" ಎಂಬುದು ನ್ಯಾಯಸ್ಥಾನದಲ್ಲಿ ಉತ್ತರವಲ್ಲ. ಏರ್‌ಗನ್ನಿನ ಮಾತೂ ಇದೆ. ೨೦೧೬ರ ನಿಯಮಗಳ ಕೆಳಗೆ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಡ. ಕೋತಿಗಳನ್ನು ಓಡಿಸಲೆಂದು ಮಹಡಿಯ ಮೇಲೆ ಇಟ್ಟಿರುತ್ತಾರೆ. ಕಾನೂನು ಪರವಾನಗಿಯನ್ನು ಬಿಟ್ಟಿತೆಂದು ಅದರ ಚರೆ ಮಗುವಿನ ಕಣ್ಣನ್ನು ಬಿಡುವುದಿಲ್ಲ.

ಮನೆಯಲ್ಲಿ ಆಯುಧವಿರುವವರು ಅದನ್ನು ಬರಿದುಮಾಡಿ ಬೀಗದಲ್ಲಿಡಬೇಕು. ತೋಟಾಗಳನ್ನು ಬೇರೆ ಕಡೆ, ಬೇರೆ ಬೀಗದಲ್ಲಿಡಬೇಕು. ಇದು ಹೊಸ ಪಾಠವಲ್ಲ. ಶ್ರೀರಂಗಪಟ್ಟಣದಲ್ಲಿ ಮದ್ದಿಗಾಗಿಯೇ ದಪ್ಪ ಗೋಡೆಯ ಉಗ್ರಾಣಗಳನ್ನು ಕಟ್ಟಿದ್ದರು. ಅವುಗಳಲ್ಲೊಂದನ್ನು ೨೦೧೭ರಲ್ಲಿ ರೈಲು ಮಾರ್ಗಕ್ಕಾಗಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದುದನ್ನು ತಾವು ಕೇಳಿರಬಹುದು. ಸಮರದಲ್ಲಿ ಬದುಕಿದವರೇ ಮದ್ದನ್ನು ಅಷ್ಟು ದೂರ ಇಟ್ಟಿದ್ದರೆ, ನಾವು ಅದನ್ನು ಮಲಗುವ ಕೋಣೆಯ ಗೂಡಿನಲ್ಲಿಡುವುದು ಯಾವ ವಿವೇಕ?

ಕಾನೂನನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವುದು ೨೦೧೯ರ ತಿದ್ದುಪಡಿಯಿಂದ ಬೇರೆಯಾದ ಅಪರಾಧವಾಗಿದೆ; ಎರಡು ವರ್ಷಗಳವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ಅಜಾಗರೂಕತೆಯಿಂದ ಮರಣವುಂಟುಮಾಡಿದವನಿಗೆ ಹಳೆಯ ದಂಡಸಂಹಿತೆಯಲ್ಲಿ ಎರಡು ವರ್ಷಗಳವರೆಗೆ ಸೆರೆಯಿದ್ದಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಪ್ರಕರಣದಲ್ಲಿ ಅದು ಐದು ವರ್ಷಗಳವರೆಗೆ ಏರಿದೆ. ಆದರೆ ಶಿಕ್ಷೆಯ ಭಯದಿಂದ ಕೈ ಪಳಗುವುದಿಲ್ಲ, ಅಭ್ಯಾಸದಿಂದ ಪಳಗುತ್ತದೆ. ಹುಬ್ಬಳ್ಳಿಯ ಡಾಕ್ಟರ್ ಹರ್ಡೀಕರರು ೧೯೨೩ರಲ್ಲಿ ಹಿಂದೂಸ್ಥಾನಿ ಸೇವಾದಳವನ್ನು ಸ್ಥಾಪಿಸಿದಾಗ ಸ್ವಯಂಸೇವಕರ ಕೈಗೆ ಕೋವಿಯನ್ನು ಕೊಡಲಿಲ್ಲ; ಸಾಲಿನಲ್ಲಿ ನಿಲ್ಲುವುದನ್ನೂ ಆಜ್ಞೆ ಕೇಳುವುದನ್ನೂ ತಡೆದುಕೊಳ್ಳುವುದನ್ನೂ ಕಲಿಸಿದರು. ಶಿಸ್ತು ಮೊದಲು, ಆಯುಧ ಆಮೇಲೆ. ಈ ಕ್ರಮ ತಿರುವುಮುರುವಾದ ಕಡೆಯಲ್ಲೆಲ್ಲ ಮನೆಯವರೇ ಬಲಿಯಾಗುತ್ತಾರೆ.

ಉಪಾಧ್ಯಾಯ ಮಿತ್ರರೇ, ತಮ್ಮಲ್ಲಿ ನಮ್ಮ ಬೇಡಿಕೆ ಎರಡೇ. ಆಯುಧಪೂಜೆಯ ರಜೆಯ ಮುನ್ನಾದಿನ ಮಕ್ಕಳಿಗೆ ಮೂರು ಮಾತುಗಳನ್ನು ಹೇಳಿಸಿ: ಎಲ್ಲಿಯಾದರೂ ಕೋವಿ ಕಂಡರೆ ಮುಟ್ಟುವುದಿಲ್ಲ, ಅಲ್ಲಿ ನಿಲ್ಲುವುದಿಲ್ಲ, ಹಿರಿಯರನ್ನು ಕೂಗುತ್ತೇವೆ. ಮಗ್ಗಿಯಂತೆ ಬಾಯಿಗೆ ಬರುವವರೆಗೆ ಹೇಳಿಸಿ. ಎರಡನೆಯದು, ತಮ್ಮ ಬಂಧುಗಳಲ್ಲಿ ಯಾರ ಮನೆಯಲ್ಲಿ ಕೋವಿಗೆ ಪೂಜೆಯುಂಟೋ ಅವರಿಗೆ ಈ ಮಾತನ್ನು ಮುಟ್ಟಿಸಿ: ಕುಂಕುಮ ಹಚ್ಚುವ ಮುಂಚೆ, ಮಕ್ಕಳನ್ನು ಹೊರಗೆ ಕಳುಹಿಸಿ, ಇಬ್ಬರು ಹಿರಿಯರು ಅದನ್ನು ತೆರೆದು, ಒಬ್ಬರಾದ ಮೇಲೊಬ್ಬರು ನೋಡಿ, "ಬರಿದು" ಎಂದು ಬಾಯಿಬಿಟ್ಟು ಹೇಳಲಿ. ಅದೂ ಪೂಜೆಯ ಒಂದು ವಿಧಿಯಾಗಲಿ. ಸಂಕಲ್ಪವಿಲ್ಲದೆ ಪೂಜೆಯಿಲ್ಲವೆನ್ನುವ ನಮಗೆ ಇದು ಹೆಚ್ಚಿನದಲ್ಲ.

ಆ ದಿನ ನ್ಯಾಯಸ್ಥಾನದಲ್ಲಿ ಕೇಳಿದ ಪ್ರಶ್ನೆಯನ್ನು ನಾವು ಮರೆತಿಲ್ಲ. "ನಳಿಗೆಯೊಳಗೆ ಸಲಾಕಿ ಇಳಿಸಿ ನೋಡಿದಿರಾ?" ಈ ಪ್ರಶ್ನೆಯನ್ನು ಸರ್ಕಾರದ ವಕೀಲರು ಕೇಳುವ ಮೊದಲು ಮನೆಯ ಅಜ್ಜಿಯೋ ಮಡದಿಯೋ ಮಣೆಯ ಮುಂದೆ ಕೇಳುವಂತಾದರೆ, ನಮ್ಮಂಥ ವಕೀಲರಿಗೆ ಒಂದು ಮೊಕದ್ದಮೆ ಕಡಿಮೆಯಾಗುತ್ತದೆ, ಆ ನಷ್ಟವನ್ನು ನಾವು ಸಂತೋಷದಿಂದ ಹೊರುತ್ತೇವೆ.